ಎಷ್ಟು ಬೈ ಎಷ್ಟು?

ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಪಕ್ಕದಲ್ಲಿ ಕೂತವರು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ, "ನೀವಿರೋದು ಎಲ್ಲಿ?" ಎಂದು. "ಜಯನಗರ" ಅಂದರೆ ಸಾಕು, ಎದುರಿಗೆ ಹೋಳಿಗೆ ಹಿಡಿದು ನಿಂತವನನ್ನೂ ಮರೆತು "ಓಹೋ!" ಅನ್ನುತ್ತಾರೆ. ಎರಡನೆಯ ಪ್ರಶ್ನೆ, "ಸ್ವಂತದ್ದಾ?" ಮೂರನೆಯದು, ಕೊಂಚ ತಗ್ಗಿದ ದನಿಯಲ್ಲಿ, "ಎಷ್ಟು ಬೈ ಎಷ್ಟು?" ನಾನು "40 ಬೈ 60" ಎಂದ ಕೂಡಲೇ ಅವರ ಕಣ್ಣು ಚಪ್ಪರದ ಕಡೆ ಹೋಗುತ್ತದೆ. ಒಳಗೆ ಗುಣಾಕಾರ ನಡೆಯುತ್ತಿದೆ ಎಂದು ಅರ್ಥ. ಅದು ಮುಗಿಯುವಷ್ಟರಲ್ಲಿ ಹೋಳಿಗೆಯ ಮೇಲಿನ ತುಪ್ಪ ಹೆಪ್ಪುಗಟ್ಟಿರುತ್ತದೆ. ಆಮೇಲೆ ಅವರು ನನ್ನ ಕೊರಳು, ಕಿವಿ, ಕೈ ನೋಡುತ್ತಾರೆ. ಬಂದ ಮೊತ್ತಕ್ಕೆ ತಕ್ಕದ್ದು ಅಲ್ಲಿ ಏನೂ ಕಾಣದೆ, ಸೊನ್ನೆ ಎಲ್ಲೋ ಹೆಚ್ಚಾಯಿತೇನೋ ಎಂದು ಇನ್ನೊಮ್ಮೆ ಗುಣಿಸುತ್ತಾರೆ.

ಅವರ ಗುಣಾಕಾರ ಸರಿಯಾಗಿಯೇ ಇರುತ್ತದೆ. ತೊಂದರೆಯೇನೆಂದರೆ, ಆ ಕೋಟಿಗಳೆಲ್ಲ ಇರುವುದು ನಮ್ಮ ಕಾಲಿನ ಕೆಳಗೆ. ಅದರ ಮೇಲೆ ಚಾಪೆ ಹಾಸಿಕೊಂಡು ಮಲಗಬಹುದು, ತುಳಸಿ ಕಟ್ಟೆ ಕಟ್ಟಬಹುದು, ಒಗೆದ ಬಟ್ಟೆ ಹರವಬಹುದು. ತಿಂಗಳ ಕೊನೆಗೆ ಅದರಿಂದ ಒಂದು ಚೂರು ಕೆರೆದು ಹಾಲಿನವನಿಗೆ ಕೊಡಲಾಗುವುದಿಲ್ಲ. ಹೆಸರು ಕ್ಷೀರಸಾಗರಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಅನ್ನುವುದು ಸ್ವಲ್ಪ ಅತಿಯಾದೀತು. ನಮಗೆ ಪೆನ್ಷನ್ ಬರುತ್ತದೆ, ಮಜ್ಜಿಗೆ ಇದೆ. ಆದರೆ ಶಾಪಿಂಗ್ ಕಾಂಪ್ಲೆಕ್ಸಿನ ಹತ್ತಿರ ಕೊತ್ತಂಬರಿ ಕಟ್ಟಿಗೆ ಐದು ರೂಪಾಯಿ ಚೌಕಾಸಿ ಮಾಡುವಾಗ ಸೊಪ್ಪಿನವಳು "ಜಯನಗರದಲ್ಲಿ ಇದ್ಕೊಂಡು ಐದು ರೂಪಾಯಿಗೆ ಯಾಕಮ್ಮ ಇಷ್ಟು ಮಾತು?" ಅಂದರೆ ನನ್ನ ಬಳಿ ಉತ್ತರವಿಲ್ಲ.

ನಾವು ಈ ಶ್ರೀಮಂತಿಕೆಯನ್ನು ಗಳಿಸಿದ್ದು ಸುಮ್ಮನೆ ಕೂತು. ನಮ್ಮ ಮಾವನವರು ಎ.ಜಿ. ಆಫೀಸಿನಲ್ಲಿದ್ದವರು. 1945ರಲ್ಲಿ ಹುಟ್ಟಿದ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡು ಹೊಸ ಬಡಾವಣೆಗಳಲ್ಲಿ ಸೈಟು ಹಂಚುತ್ತಿದ್ದ ಕಾಲದಲ್ಲಿ, ಆಫೀಸಿನಲ್ಲಿ ಪಕ್ಕದ ಮೇಜಿನವರು ಅರ್ಜಿ ಹಾಕಿದರೆಂದು ಇವರೂ ಹಾಕಿದರು. ಜಯನಗರಕ್ಕೆ 1948ರಲ್ಲಿ ರಾಜಾಜಿಯವರು ಬಂದು ಅಶೋಕ ಸ್ತಂಭದ ಬಳಿ ಅಡಿಗಲ್ಲು ಹಾಕಿದ್ದೇನೋ ನಿಜ, ಆದರೆ ಅದಾಗಿ ಎಷ್ಟೋ ವರ್ಷದವರೆಗೆ ಚಾಮರಾಜಪೇಟೆಯವರ ಲೆಕ್ಕದಲ್ಲಿ ಸೌತ್ ಎಂಡ್ ಸರ್ಕಲ್ಲಿಗೆ ಊರು ಮುಗಿಯುತ್ತಿತ್ತು. ಅದರಾಚೆ ಹೋದವರನ್ನು ಪರಸ್ಥಳದವರೆಂದೇ ಭಾವಿಸುತ್ತಿದ್ದರು. ಅತ್ತೆ ಕೊನೆಯವರೆಗೂ ಹೇಳುತ್ತಿದ್ದರು: "ನರಿ ಕೂಗೋ ಕಡೆ ತಂದು ಹಾಕಿದ್ರು ನಿಮ್ಮ ಮಾವ. ಹಿಡಿ ಸಾಸಿವೆ ಬೇಕಂದ್ರೆ ಗಾಂಧಿ ಬಜಾರಿಗೆ ಹೋಗ್ಬೇಕಿತ್ತು."

ಗೃಹಪ್ರವೇಶದ ಒಂದು ಫೋಟೋ ನಮ್ಮಲ್ಲಿದೆ. ಕಪ್ಪು ಬಿಳುಪಿನದು. ಮನೆಯ ಮುಂದೆ ಅತ್ತೆ, ಮಾವ, ಪುರೋಹಿತರು, ಮತ್ತು ಹಗ್ಗ ಎಳೆದುಕೊಂಡು ಓಡಲು ಸಿದ್ಧವಾಗಿರುವ ಒಂದು ಹಸು. ಎಲ್ಲರೂ ಕಣ್ಣು ಕಿರಿದು ಮಾಡಿಕೊಂಡಿದ್ದಾರೆ. ಯಾಕೆಂದರೆ ಬಿಸಿಲು. ಹಿಂದೆ, ಮುಂದೆ, ಪಕ್ಕದಲ್ಲಿ ಎಲ್ಲೂ ಒಂದು ಮರವಿಲ್ಲ. ಬೋಳು ನೆಲ, ಸುಣ್ಣದಲ್ಲಿ ಎಳೆದ ಗೆರೆ, ಸೈಟಿನ ನಂಬರು ಕೊರೆದ ಕಲ್ಲು. ಇವತ್ತು ನಮ್ಮ ಬೀದಿಗೆ ಬಂದವರು ತಲೆ ಎತ್ತಿ, "ಎಂಥಾ ಹಳೇ ಮರಗಳು, ಮಹಾರಾಜರ ಕಾಲದವಿರಬೇಕು" ಎಂದಾಗ ಈ ಫೋಟೋ ತಂದು ತೋರಿಸುವ ಆಸೆ ನನಗೆ. ನಮ್ಮ ಮನೆಯವರು ಬೇಡ ಅನ್ನುತ್ತಾರೆ. ಮರಗಳ ವಯಸ್ಸು ಹೇಳಿದರೆ ನಮ್ಮ ವಯಸ್ಸೂ ಹೇಳಬೇಕಾಗುತ್ತದಂತೆ.

ಬೀದಿಯ ಬಹುಪಾಲು ಮರಗಳು ನಮಗಿಂತ ಚಿಕ್ಕವು. 1980ರ ದಶಕದಲ್ಲಿ ಎಸ್. ಜಿ. ನೇಗಿನಹಾಳ ಎಂಬ ಅರಣ್ಯಾಧಿಕಾರಿ ಬೆಂಗಳೂರಿನ ಬೀದಿ ಬೀದಿಗಳಲ್ಲಿ ಸುಮಾರು 15 ಲಕ್ಷ ಸಸಿ ನೆಡಿಸಿದರು. ಅದಕ್ಕೂ ಹಿಂದೆ, 1908ರಲ್ಲಿ ಬೆಂಗಳೂರಿಗೆ ಬಂದು ಲಾಲ್‌ಬಾಗನ್ನು ನೋಡಿಕೊಂಡ ಜರ್ಮನಿಯ ಕ್ರುಂಬಿಗಲ್ ಸಾಹೇಬರಿಗೆ, ವರ್ಷದ ಯಾವ ತಿಂಗಳಲ್ಲೇ ಆಗಲಿ ಊರಿನ ಒಂದಲ್ಲ ಒಂದು ಬೀದಿ ಹೂಬಿಟ್ಟಿರಬೇಕು ಎಂಬ ಯೋಚನೆಯಿತ್ತು. ನಮಗೆ ಓಹೋ ಎನ್ನಿಸುವ ಈ ಹಸಿರು ಹೀಗೆ ಸಂಬಳದವರು ಆಫೀಸಿನ ಕೆಲಸವೆಂದು ಮಾಡಿಟ್ಟು ಹೋದದ್ದು. ಅದರ ಬೆಲೆ ಮಾತ್ರ ನಮ್ಮ ಸೇಲ್ ಡೀಡಿಗೆ ಸೇರಿಕೊಂಡಿತು. ನಾವು ಒಂದು ಚೆಂಬು ನೀರು ಹಾಕಿದ್ದೂ ನನಗೆ ನೆನಪಿಲ್ಲ. ಅತ್ತೆ ಅಕ್ಕಿ ತೊಳೆದ ನೀರನ್ನು ಗೇಟಿನಾಚೆ ಚೆಲ್ಲುತ್ತಿದ್ದುದುಂಟು. ಅದು ಹೊಂಗೆ ಸಸಿಯ ಬುಡಕ್ಕೆ ಬಿದ್ದದ್ದು ಕಾಕತಾಳೀಯ.

ಈ ಮರಗಳಲ್ಲಿ ಬಹಳಷ್ಟು ಹೊರಗಿನಿಂದ ಬಂದವು. ಗುಲ್‌ಮೊಹರ್ ಮಡಗಾಸ್ಕರಿನದು, ಮಳೆಮರ ಮತ್ತು ಜಕರಂದ ದಕ್ಷಿಣ ಅಮೆರಿಕದ ಕಡೆಯವು, ನೀರುಕಾಯಿ ಮರ ಆಫ್ರಿಕಾದ್ದು. ಫೆಬ್ರವರಿ ಸುಮಾರಿಗೆ ಎಲೆಯೆಲ್ಲ ಉದುರಿಸಿ ಗುಲಾಬಿ ಬಣ್ಣದಲ್ಲಿ ಮುಳುಗಿ, ಪತ್ರಿಕೆಯ ಮುಖಪುಟಕ್ಕೆ ಬರುವ ಟಬೂಬಿಯಾ ಕೂಡ ವಲಸೆ ಬಂದದ್ದೇ. ಎಲ್ಲ ಬಂದವು, ಬೇರೂರಿದವು, ಒಂದಕ್ಕೂ ಮಾತಿನ ಗೊಡವೆಯಿಲ್ಲ. ನಮ್ಮದೇ ನೆಲದ ಹೊಂಗೆ ಮಾತ್ರ ಫೋಟೋಕ್ಕೆ ಸಿಗುವಂಥ ಯಾವ ಶೋಕಿಯೂ ಇಲ್ಲದೆ, ಬೇಸಿಗೆ ಕಾಲಿಡುವ ಹೊತ್ತಿಗೆ ಹೊಸ ಎಲೆ ಹೊದ್ದು ನಿಂತುಬಿಡುತ್ತದೆ. ಏಪ್ರಿಲಿನ ಬಿಸಿಲಲ್ಲಿ ಟಬೂಬಿಯಾ ಕೆಳಗೆ ನಿಂತವರು ಮೊಬೈಲ್ ಹಿಡಿದಿರುತ್ತಾರೆ, ಹೊಂಗೆಯ ಕೆಳಗೆ ನಿಂತವರು ಕರವಸ್ತ್ರದಲ್ಲಿ ಮುಖ ಒರೆಸಿಕೊಳ್ಳುತ್ತಿರುತ್ತಾರೆ.

ಮೊಬೈಲಿನವರ ಕಾಟ ಈಚೆಗೆ ಜಾಸ್ತಿ. ಮದುವೆಗೆ ಮೊದಲೇ ಮದುವೆಯ ಫೋಟೋ ತೆಗೆಸುವ ಜೋಡಿಗಳು ಬೆಳಿಗ್ಗೆ ಆರಕ್ಕೇ ಬರುತ್ತವೆ. ಹುಡುಗಿ ನೆಲ ಗುಡಿಸುವ ಗೌನು ಹಾಕಿಕೊಂಡು ಉದುರಿದ ಹೂವಿನ ಮೇಲೆ ಓಡಿಬರಬೇಕು, ಹುಡುಗ ಹಿಡಿಯಬೇಕು. ಒಂದು ದಿನ ಫೋಟೋದ ಹುಡುಗ ಬಂದು ಗೇಟು ತಟ್ಟಿ, "ಅಂಕಲ್, ಕಾಂಪೌಂಡ್ ಮೇಲಿನ ಬನಿಯನ್ ಸ್ವಲ್ಪ ತೆಗೀತೀರಾ, ಫ್ರೇಮಲ್ಲಿ ಬರ್ತಿದೆ" ಎಂದ. ನಮ್ಮ ಮನೆಯವರು ತೆಗೆಯಲಿಲ್ಲ. ಇನ್ನೂ ಒಣಗಿಲ್ಲ ಅಂದರು. ಎಲ್ಲೋ ಯಾರದೋ ಮದುವೆಯ ಆಲ್ಬಮ್ಮಿನಲ್ಲಿ ಆ ಬನಿಯನ್ನು ಗುಲಾಬಿ ಹೂಗಳ ನಡುವೆ ಶಾಶ್ವತವಾಗಿ ಒಣಗುತ್ತಿದೆ.

ಹೂವು ಕೆಳಗೆ ಬಿದ್ದ ಮರುಕ್ಷಣ ಅದರ ಹೆಸರು ಕಸ. ಬೀದಿಯ ಜಗಳಗಳಲ್ಲಿ ಮುಕ್ಕಾಲು ಪಾಲು ಹುಟ್ಟುವುದು ಇಲ್ಲಿಂದ. ಮರ ಇರುವುದು ಅವರ ಗೇಟಿನ ಮುಂದೆ, ಗಾಳಿ ಬೀಸುವುದು ನಮ್ಮ ಕಡೆಗೆ. ಎದುರುಮನೆಯವರಿಗೆ ಎಲೆ ಅಂದರೆ ಆಗದು. ಅವರು ದಿನಕ್ಕೆ ಎರಡು ಸಲ ಗುಡಿಸಿ, ರಾಶಿಯನ್ನು ತಮ್ಮ ಮನೆಗೂ ಪಕ್ಕದ ಮನೆಗೂ ಸರಿಯಾಗಿ ನಡುವೆ ಇಡುತ್ತಾರೆ. ಪಕ್ಕದವರು ಅದನ್ನು ಅರ್ಧ ಅಡಿ ಅತ್ತ ಸರಿಸುತ್ತಾರೆ. ಪೌರಕಾರ್ಮಿಕರು ಬರುವಷ್ಟರಲ್ಲಿ ಆ ರಾಶಿ ಬೀದಿಯ ಅರ್ಧ ಪ್ರವಾಸ ಮಾಡಿರುತ್ತದೆ. ಇಂಗ್ಲಿಷಿನಲ್ಲಿ ಪರಿಸರದ ಬಗ್ಗೆ ಭಾಷಣ ಮಾಡುವವರೂ ತಮ್ಮ ಕಾರಿನ ಮೇಲೆ ಕಾಗೆ ಕೂತರೆ ಕೊಂಬೆ ಕಡಿಸಬೇಕು ಅನ್ನುತ್ತಾರೆ.

ಕಡಿಸುವುದು ಅಷ್ಟು ಸುಲಭವಲ್ಲ. 1976ರಲ್ಲಿ ಕರ್ನಾಟಕದಲ್ಲಿ ಮರಗಳ ಸಂರಕ್ಷಣೆಗೆ ಕಾಯ್ದೆಯಾಯಿತು. ನಿಮ್ಮದೇ ಅಂಗಳದ ಮರವಾದರೂ ಕಡಿಯಲು ವೃಕ್ಷಾಧಿಕಾರಿಗೆ ಅರ್ಜಿ ಹಾಕಬೇಕು. ಊರು ಬೆಳೆಸಲೆಂದು ಬಿ.ಡಿ.ಎ. ಕಾಯ್ದೆ ಬಂದದ್ದೂ ಅದೇ 1976ರಲ್ಲೇ. ಒಂದೇ ವರ್ಷದಲ್ಲಿ ವಿಧಾನಸೌಧ ಈ ಕೈಗೆ ಗರಗಸವನ್ನೂ ಆ ಕೈಗೆ ಬೇಲಿಯನ್ನೂ ಕೊಟ್ಟಿತು. ಎರಡೂ ಕೈ ಅಂದಿನಿಂದ ಕೆಲಸ ಮಾಡುತ್ತಲೇ ಇವೆ.

ಇನ್ನು ಗಂಧದ ಮರದ ಕಥೆ. ನಮ್ಮ ಹಿತ್ತಲಿನ ಕರಿಬೇವಿನ ಪಕ್ಕ ಒಂದು ಗಿಡ ತಾನಾಗಿ ಎದ್ದಿತು. ಯಾವುದೋ ಕೋಗಿಲೆಯೋ ಪಿಕಳಾರವೋ ಹಣ್ಣು ತಿಂದು ಹಾಕಿಹೋದ ಬೀಜ. ಸೊಂಟದೆತ್ತರ ಬಂದಾಗ ಅಡಿಗೆಯವರೊಬ್ಬರು ಎಲೆ ನೋಡಿ, "ಅಮ್ಮಾ, ಇದು ಶ್ರೀಗಂಧ" ಎಂದು ಪಿಸುಗುಟ್ಟಿದರು. ಪಿಸುಗುಟ್ಟಿದ್ದಕ್ಕೆ ಕಾರಣವಿತ್ತು. ಟಿಪ್ಪು ಸುಲ್ತಾನ ಗಂಧವನ್ನು ರಾಜವೃಕ್ಷ ಮಾಡಿದ ಮೇಲೆ ಅದು ಯಾರ ಹಿತ್ತಲಲ್ಲಿ ಹುಟ್ಟಿದರೂ ಸರ್ಕಾರದ್ದೇ ಆಗಿತ್ತು. 2001ರ ತಿದ್ದುಪಡಿಯಾದ ಮೇಲಷ್ಟೇ ಬೆಳೆದವರು ಅದಕ್ಕೆ ಒಡೆಯರಾದದ್ದು. ಒಡೆಯರು ಅಂದರೂ ಕಡಿಯಲು, ಸಾಗಿಸಲು ಅರಣ್ಯ ಇಲಾಖೆಯ ಅಪ್ಪಣೆ ಬೇಕು. ಈ ನಿಯಮಗಳನ್ನು ಕಳ್ಳರು ಓದುವುದಿಲ್ಲ. ಅವರು ರಾತ್ರಿ ಸದ್ದಿಲ್ಲದ ಕೈಗರಗಸ ತಂದು, ಬೆಳಗಾಗುವುದರೊಳಗೆ ಬುಡ ಮಾತ್ರ ಬಿಟ್ಟು ಹೋಗುತ್ತಾರೆ. ನಮ್ಮಂಥ ಹಳೇ ಬಡಾವಣೆಗಳಲ್ಲಿ ಇದು ಎಲ್ಲರಿಗೂ ಗೊತ್ತಿರುವ ಸಂಗತಿ. ದೊಡ್ಡ ದೊಡ್ಡ ಅಧಿಕಾರಿಗಳ ಬಂಗಲೆಯನ್ನೂ ಅವರು ಬಿಟ್ಟಿಲ್ಲ.

ಮರ ಬೆಳೆಯಿತು. ಜೊತೆಗೆ ನಮ್ಮ ನಿದ್ದೆ ಕಡಿಮೆಯಾಯಿತು. ಗಂಧದ ಮರ ತನ್ನ ಬೇರನ್ನು ಪಕ್ಕದ ಗಿಡಗಳ ಬೇರಿಗೆ ತಗುಲಿಸಿ ಅವುಗಳಿಂದ ಹೀರಿಕೊಂಡು ಬದುಕುತ್ತದೆ ಎಂದು ಆಮೇಲೆ ತಿಳಿಯಿತು. ಅಷ್ಟು ಘನತೆಯ ಮರವೂ ಅಕ್ಕಪಕ್ಕದಲ್ಲಿ ಕೈಸಾಲ ಮಾಡಿ ಸಂಸಾರ ತೂಗಿಸುತ್ತದೆ ಎಂದು ಕೇಳಿ ನನಗೆ ಒಂದು ಬಗೆಯ ಸಮಾಧಾನವೇ ಆಯಿತು. ನಮ್ಮ ಮನೆಯವರು ಹಿತ್ತಲಿಗೆ ದೀಪ ಹಾಕಿಸಿದರು, ಬಾಗಿಲಿಗೆ ಇನ್ನೊಂದು ಚಿಲಕ, ಮರದ ಸುತ್ತ ಮುಳ್ಳುತಂತಿ. ಬಂದ ನೆಂಟರಿಗೆ ಕಾಫಿ ಕೊಡುವ ಮೊದಲೇ "ಹೊರಗೆ ಎಲ್ಲೂ ಹೇಳ್ಬೇಡಿ" ಎಂದು ಮಾತು ತೆಗೆದುಕೊಂಡು ಮರ ತೋರಿಸುತ್ತಿದ್ದರು. ಹೀಗೆ ಅದು ಗುಟ್ಟಾಗಿ ಇಡೀ ಜಯನಗರಕ್ಕೆ ಗೊತ್ತಾಯಿತು.

ಕಡೆಗೊಂದು ಬೆಳಿಗ್ಗೆ ಎದ್ದು ನೋಡಿದರೆ ಮುಳ್ಳುತಂತಿ ನೀಟಾಗಿ ಕತ್ತರಿಸಿದೆ. ಮರ ಮಾತ್ರ ನಿಂತಿದೆ! ಹತ್ತಿರ ಹೋದೆವು. ಎದೆಯೆತ್ತರದಲ್ಲಿ ಬೆರಳು ತೂರುವಷ್ಟು ಒಂದು ತೂತು, ಬುಡದಲ್ಲಿ ಒಂದು ಹಿಡಿ ಬಿಳಿ ಪುಡಿ. ಆಮೇಲೆ ಗೊತ್ತಾದದ್ದು: ಕಳ್ಳರು ಮೊದಲು ಕೊರೆದು ನೋಡುತ್ತಾರೆ. ಒಳಗೆ ಕಂದು ಬಣ್ಣದ ಚೇಗು ಕೂಡಿದ್ದರೆ ಮಾತ್ರ ಗರಗಸ ತೆಗೆಯುತ್ತಾರೆ. ಗಂಧಕ್ಕೆ ಆ ಚೇಗು ಕಟ್ಟಲು ಹತ್ತಾರು ವರ್ಷ ಬೇಕು. ನಮ್ಮದರಲ್ಲಿ ಅದು ಇರಲಿಲ್ಲ. ನಮ್ಮ ಮರ ಫೇಲಾಗಿತ್ತು.

ನನಗೆ ದೇವರು ದೊಡ್ಡವನು ಅನ್ನಿಸಿತು. ನಮ್ಮ ಮನೆಯವರು ಮಾತ್ರ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. "ಅಲ್ಲ ಕಣೇ, ಅಷ್ಟು ಕಷ್ಟಪಟ್ಟು ಬಂದೋರು, ಬೇಡ ಅಂತ ಬಿಟ್ಟು ಹೋದರಲ್ಲ!" ಆ ವಾರವೇ ಹಿಂದಿನ ಬೀದಿಯ ಮನೆಯೊಂದರ ಮರ ಹೋಯಿತೆಂದು ಸುದ್ದಿ ಬಂದಾಗ ಅವರ ಮುಖದಲ್ಲಿ ಕಂಡದ್ದು ಅನುಕಂಪವಲ್ಲ. ಈಗ ತೂತಿಗೆ ಸಗಣಿ ಮೆತ್ತಿದ್ದೇವೆ. ಮರ ಚೆನ್ನಾಗಿ ಬೆಳೆಯುತ್ತಿದೆ. ಸಪ್ಲಿಮೆಂಟರಿ ಪರೀಕ್ಷೆ ಯಾವಾಗ ಅಂತ ತಿಳಿಯದು.

ನೆಲದ ಮೇಲೆ ನಿಂತರೆ ನಮ್ಮ ಬೀದಿಯಲ್ಲಿ ಯಾರ ಮನೆಯೂ ಪೂರ್ತಿ ಕಾಣಿಸುವುದಿಲ್ಲ. ಒಂದು ಗೇಟು, ಅರ್ಧ ಪೋರ್ಟಿಕೋ, 'ಗುರುಕೃಪ' ಎಂಬ ಕಲ್ಲಕ್ಷರ, ಉಳಿದದ್ದೆಲ್ಲ ಎಲೆ. ಮೇಲಿನಿಂದ ನೋಡುವ ಭಾಗ್ಯ ಬಂದದ್ದು ಮೆಟ್ರೋದಿಂದ. ಅದರ ಪೂರ್ವಕಥೆ ಅಷ್ಟು ಹಿತವಾದದ್ದಲ್ಲ. 2009ರಲ್ಲಿ ನಂದಾ ರಸ್ತೆಯ ಲಕ್ಷ್ಮಣರಾವ್ ಪಾರ್ಕಿನ ಕಡೆ ಮೆಟ್ರೋಗೆಂದು ಮರಗಳನ್ನು ಕಡಿಯತೊಡಗಿದಾಗ ಜನ ಬೀದಿಗೆ ಬಂದಿದ್ದರು. ಮಂಡಿನೋವಿನವರು, ವಾಕಿಂಗ್ ಸ್ಟಿಕ್ಕಿನವರು, ಕಾಲೇಜು ಹುಡುಗರು ಎಲ್ಲ ಸೇರಿದ್ದರು. ಮರಗಳು ಹೋದವು. 2017ರಲ್ಲಿ ರೈಲು ಬಂತು. ಅಂದು ಕೂಗಿದವರೇ ಈಗ ಸೀನಿಯರ್ ಸಿಟಿಜನ್ ಸೀಟಿನಲ್ಲಿ ಕೂತು, ಮೆಜೆಸ್ಟಿಕ್ಕಿಗೆ ಎಷ್ಟು ನಿಮಿಷ ಎಂದು ಒಬ್ಬರಿಗೊಬ್ಬರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಅವರನ್ನು ಆಡಿಕೊಳ್ಳುವ ಧೈರ್ಯ ನನಗಿಲ್ಲ, ನಾನೂ ಆ ಸೀಟಿನಲ್ಲೇ ಕೂರುವವಳು.

ಸೌತ್ ಎಂಡಿನಿಂದ ಜಯನಗರ ಸ್ಟೇಷನ್ನಿಗೆ ಬರುವಾಗ ಕಿಟಕಿಯಲ್ಲಿ ಹಸಿರಿನ ನೆತ್ತಿ ಕಾಣುತ್ತದೆ. ನಡುನಡುವೆ ಕಪ್ಪು ನೀರಿನ ಟ್ಯಾಂಕುಗಳು, ಹಪ್ಪಳ, ಸಂಡಿಗೆ, ಸೋಲಾರು. ದೊಡ್ಡ ಬಂಗಲೆಯವರ ತಾರಸಿಯಲ್ಲೂ ನಮ್ಮ ಹಾಗೆಯೇ ಮುರಿದ ಕುರ್ಚಿ, ಹಳೇ ಕಮೋಡು, ಬಾಲ್ದಿ ಇರುವುದು ಮೆಟ್ರೋ ಹತ್ತುವವರೆಗೆ ನನಗೆ ತಿಳಿದಿರಲಿಲ್ಲ. ಮರಗಳು ಇಷ್ಟು ವರ್ಷ ಅವರ ಮಾನ ಕಾಪಾಡಿದ್ದವು.

ಆ ಹಸಿರಿನ ಕೆಳಗಿನ ಮನೆಗಳಲ್ಲಿ ಈಗ ಜನ ಕಡಿಮೆ. ಮೂರು ಬೆಡ್‌ರೂಮು, ಇಬ್ಬರು ಮುದುಕರು, ಅಥವಾ ಒಬ್ಬರು. ಮಕ್ಕಳು ಡಲ್ಲಾಸಿನಲ್ಲೋ ಸಿಡ್ನಿಯಲ್ಲೋ ಇರುತ್ತಾರೆ. ಕ್ಯಾಮೆರಾ ಹಾಕಿಸಿದ್ದಾರೆ, ಅಲ್ಲಿಂದಲೇ ನೋಡಿ "ಅಮ್ಮಾ, ಗೇಟ್ ಹತ್ರ ಯಾರೋ ನಿಂತಿದ್ದಾರೆ" ಎಂದು ಫೋನ್ ಮಾಡುತ್ತಾರೆ. ನಿಂತಿರುವವನು ಕೊರಿಯರ್ ಹುಡುಗ. ಅವನು ನಿಂತಿರುವುದು ನಮ್ಮ ಬ್ಲಾಕು, ಮೇನು, ಕ್ರಾಸುಗಳ ಲೆಕ್ಕದಲ್ಲಿ ದಾರಿ ತಪ್ಪಿ. ಒಂದು ಬ್ಲಾಕಿನಲ್ಲಿ ಮುಗಿದ ಮೇನು ಇನ್ನೊಂದು ಬ್ಲಾಕಿನಲ್ಲಿ ದಿಢೀರನೆ ಎದ್ದು ಬರುತ್ತದೆ. ನಾನು ಫೋನಿನಲ್ಲಿ "ಗಸಗಸೆ ಹಣ್ಣಿನ ಮರ ಇದೆಯಲ್ಲಪ್ಪ, ಅಲ್ಲಿ ಎಡಕ್ಕೆ" ಎನ್ನುತ್ತೇನೆ. ಹೊಸ ಹುಡುಗರಿಗೆ ಆ ಮರ ಯಾವುದೆಂದು ಗೊತ್ತಾಗುವುದಿಲ್ಲ. ನಂಬರು ಹೇಳಿ ಅಮ್ಮಾ ಅನ್ನುತ್ತಾರೆ.

ಇಡೀ ಬೀದಿಯ ನಂಬರು, ಹೆಸರು, ರಕ್ತದೊತ್ತಡ ಎಲ್ಲವನ್ನೂ ತಿಳಿದವನು ಒಬ್ಬನೇ. ನಮ್ಮ ಮನೆ ಮುಂದಿನ ಹೊಂಗೆಯ ಕೆಳಗೆ ಗಾಡಿ ನಿಲ್ಲಿಸಿಕೊಂಡಿರುವ ಇಸ್ತ್ರಿಯವನು. ನಮ್ಮ ಬೀದಿಯಲ್ಲಿ ನಿಜವಾಗಿ ಮರದ ಲೆಕ್ಕ ಇಟ್ಟಿರುವವನೂ ಅವನೇ. ಬೆಳಿಗ್ಗೆ ಗಾಡಿ ಕಾಂಡದ ಪಡುವಣ ಬದಿಯಲ್ಲಿರುತ್ತದೆ, ಊಟದ ಹೊತ್ತಿಗೆ ಬುಡಕ್ಕೆ ಅಂಟಿಕೊಳ್ಳುತ್ತದೆ, ಮಧ್ಯಾಹ್ನದ ಮೇಲೆ ಮೂಡಣಕ್ಕೆ ಸರಿಯುತ್ತದೆ. ಚಕ್ರಕ್ಕೆ ಕೊಡುವ ಕಲ್ಲು ಮೂರು ಕಡೆಯೂ ಕಾಯಂ. ಇಸ್ತ್ರಿಪೆಟ್ಟಿಗೆಯ ಬಾಯಿ ತೆರೆದು ಇದ್ದಿಲಿಗೆ ರಟ್ಟಿನಿಂದ ಗಾಳಿ ಹಾಕುವಾಗ ಮುಖ ಅತ್ತ ತಿರುಗಿಸುತ್ತಾನೆ. ಕಿಡಿ ಹಾರಿ ಒಣ ಎಲೆಯ ಮೇಲೆ ಬಿದ್ದರೆ ಚಪ್ಪಲಿಯಲ್ಲಿ ಒರೆಸುತ್ತಾನೆ. ಅವನ ಪಾಳಿ ಮುಗಿದ ಮೇಲೆ ಆ ನೆರಳಿಗೆ ಎಳನೀರಿನವನು, ಅವನಾದ ಮೇಲೆ ಊಟದ ಡಬ್ಬಿ ಬಿಚ್ಚುವ ಆಟೋದವರು. ಯಾರೂ ಬರೆದಿಟ್ಟಿಲ್ಲ, ಯಾರೂ ಜಗಳವಾಡಿದ್ದಿಲ್ಲ. ಕೋಟಿ ಬಾಳುವ ಗೋಡೆಗಳ ಒಳಗಿರುವ ನಾವು ಪಾರ್ಕಿಂಗಿಗಾಗಿ ಹೂಕುಂಡ, ಕಲ್ಲು, ಮುರಿದ ಸ್ಟೂಲು ಇಟ್ಟು ರಸ್ತೆ ಕಾಯುತ್ತೇವೆ.

ಒಂದು ಸಲ ಕರೆಂಟಿನ ತಂತಿಗೆ ತಾಗುತ್ತದೆಂದು ಯಾರೋ ಬಂದು ಹೊಂಗೆಯ ಒಂದು ಪಕ್ಕವನ್ನು ಬೋಳಿಸಿ ಹೋದರು. ನಾವು ಸಂಜೆ ಗಮನಿಸಿದೆವು. ಅವನು ಮಧ್ಯಾಹ್ನವೇ ಬಂದು ಬೆಲ್ಲು ಮಾಡಿದ್ದ. "ಅಮ್ಮಾ, ಮೂರು ಗಂಟೆ ನೆರಳು ಹೊಡೆದು ಹಾಕಿದ್ರು!" ಬೇರೆ ಯಾರೂ ನೆರಳನ್ನು ಗಂಟೆಯಲ್ಲಿ ಅಳೆದದ್ದು ನಾನು ಕೇಳಿಲ್ಲ.

ಈಚೆಗೆ ಬ್ರೋಕರೊಬ್ಬರು ಬಂದಿದ್ದರು. ಜಾಯಿಂಟ್ ಡೆವಲಪ್‌ಮೆಂಟಿಗೆ ಕೊಡಿ ಅಂತ. ಕೆಂಪು ಗಾರೆ ನೆಲದ ಮೇಲೆ ಕೂತು, ಕಾಫಿ ಚೆನ್ನಾಗಿದೆ ಎಂದು ಹೊಗಳಿ, ಕ್ಯಾಲ್ಕುಲೇಟರ್ ತೆಗೆದರು. ಸೈಟಿಗೆ ಇಷ್ಟು. ಕಟ್ಟಡ ಹಳೆಯದು, ಅದಕ್ಕೆ ಸೊನ್ನೆ. "ಮರಗಳಿಗೆ?" ಎಂದು ನಮ್ಮ ಮನೆಯವರು ಕೇಳಿದರು, ಅವರ ಮನಸ್ಸಿನಲ್ಲಿ ಗಂಧವಿತ್ತು. "ಮರ ಇದ್ರೆ ಮೈನಸ್ಸು ಸಾರ್. ಪರ್ಮಿಷನ್ನು, ಅಬ್ಜೆಕ್ಷನ್ನು, ಆರು ತಿಂಗಳು ಹೋಗುತ್ತೆ" ಎಂದು ಅವರು ಒತ್ತಿದ ಗುಂಡಿ ನಿಜವಾಗಿಯೂ ಮೈನಸ್ಸಿನದೇ. ಯೋಚಿಸಿ ಹೇಳ್ತೀವಿ ಎಂದು ಕಳಿಸಿದೆವು. ಯೋಚಿಸುವುದೊಂದು ನಮ್ಮ ಬಡಾವಣೆಯವರಿಗೆ ಚೆನ್ನಾಗಿ ಅಭ್ಯಾಸವಾಗಿರುವ ಕೆಲಸ.

ಬಟ್ಟೆ ಕೊಡಲು ಹೊರಗೆ ಹೋದಾಗ ಇಸ್ತ್ರಿಯವನು ಕೇಳಿದ, "ಮನೆ ಕೊಡ್ತಿದ್ದೀರೇನಮ್ಮಾ?" ಬಂದವರು ಬ್ರೋಕರು ಎಂದು ಅವರ ಬೈಕಿನ ಮೇಲೇ ಅವನಿಗೆ ಗೊತ್ತಾಗಿತ್ತು.

"ಇನ್ನೂ ಏನೂ ಇಲ್ಲಪ್ಪ. ಕೊಟ್ಟರೆ ನಿನಗೆ ತೊಂದರೆ ಆಗುತ್ತೆ ಅಂತಾನೂ ಯೋಚನೆ" ಎಂದೆ. ಪೂರ್ತಿ ನಿಜವಲ್ಲದಿದ್ದರೂ ಹೇಳಲು ಚೆನ್ನಾಗಿತ್ತು.

"ನನಗೇನು ತೊಂದರೆ?" ಅವನು ಪೆಟ್ಟಿಗೆ ಕೆಳಗಿಟ್ಟ. "ಮನೆ ನಿಮ್ಮದು, ಮಾರ್ಕೋಬಹುದು. ಈ ಹೊಂಗೆ ಫುಟ್‌ಪಾತಿಂದು, ಕಾರ್ಪೊರೇಷನ್ನಿಂದು. ಇದನ್ನ ನೀವು ಮಾರಕ್ಕಾಗಲ್ಲ. ಅಪಾರ್ಟ್‌ಮೆಂಟ್ ಬಂದ್ರೆ ಎಂಟು ಮನೆ, ಎಂಟು ಮನೆ ಬಟ್ಟೆ. ಬರ್ಲಿ ಬಿಡಿ." ಆಮೇಲೆ ನನ್ನ ಕೈಯ ಗಂಟು ಬಿಚ್ಚಿ, ಎಣಿಸಿ, ಚೀಟಿಯಲ್ಲಿ ಬರೆದುಕೊಂಡು, "ಈ ರೇಷ್ಮೆ ಸೀರೆಗೆ ಹತ್ತು ರೂಪಾಯಿ ಜಾಸ್ತಿಯಾಗುತ್ತಮ್ಮಾ" ಎಂದ. ನಾನು ಐದು ಕಡಿಮೆ ಮಾಡಿಕೋ ಎಂದೆ.